ಹಳೆಯ ಮಾರುತಿ ಎಸ್ಟೀಮ್ ಕೊಳ್ಳುವ ಮೊದಲು ತಿಳಿದಿರಬೇಕಾದದ್ದು: ಪುಣೆಯ ಕನ್ನಡ ಕುಟುಂಬಗಳಿಗಾಗಿ

ಪಿಂಪ್ರಿ-ಚಿಂಚವಾಡ, ನಿಗಡಿ, ಭೋಸರಿ ಭಾಗದಲ್ಲಿ ನೆಲೆಸಿರುವ ನಮ್ಮ ಕಡೆಯ ಕುಟುಂಬಗಳಿಗೆ ಕಾರು ಬೇಕಾಗುವುದು ಹೆಚ್ಚಾಗಿ ಎರಡು ಕಾರಣಗಳಿಗೆ. ಒಂದು, ಮನೆಯ ಹಿರಿಯರನ್ನು ಆಸ್ಪತ್ರೆಗೋ ಮದುವೆ ಮನೆಗೋ ಕರೆದೊಯ್ಯುವುದು. ಇನ್ನೊಂದು, ವರ್ಷಕ್ಕೆ ನಾಲ್ಕೈದು ಸಲ ಸಾತಾರಾ, ಕರಾಡ, ಕೊಲ್ಹಾಪುರ, ನಿಪ್ಪಾಣಿ ದಾರಿಯಾಗಿ ಊರಿಗೆ ಹೋಗಿಬರುವುದು. ಇಷ್ಟಕ್ಕೆ ಹೊಸ ಕಾರಿನ ಕಂತು ಕಟ್ಟುವುದು ಭಾರವೆನಿಸಿದವರು ಹಳೆಯ ಸೆಡಾನ್ ಹುಡುಕಲು ಹೊರಟಾಗ ಇಂದಿಗೂ ಎದುರಾಗುವ ಹೆಸರು ಮಾರುತಿ ಎಸ್ಟೀಮ್. 2004ರಲ್ಲಿ ನೋಂದಣಿಯಾದ ಇಂಥ ಒಂದು ಕಾರನ್ನು ನಾನು 2017ರಲ್ಲಿ ಕೊಂಡು ಇಂದಿಗೂ ಓಡಿಸುತ್ತಿದ್ದೇನೆ. ಆ ಅನುಭವದಿಂದ ಕಲಿತದ್ದನ್ನು, ಕಾರಿನ ಹಿನ್ನೆಲೆ ಮತ್ತು ತಾಂತ್ರಿಕ ವಿವರಗಳೊಂದಿಗೆ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಕಾರಿನ ವಂಶಾವಳಿಯನ್ನು ತಿಳಿದುಕೊಳ್ಳಬೇಕು, ಏಕೆಂದರೆ ಎಸ್ಟೀಮ್ ಎಂಬ ಒಂದೇ ಹೆಸರಿನಡಿ ಬೇರೆಬೇರೆ ಎಂಜಿನ್‌ಗಳ ಕಾರುಗಳು ಮಾರಾಟವಾಗಿವೆ. 1990ರಲ್ಲಿ ಮಾರುತಿ ಉದ್ಯೋಗ್ ಸಂಸ್ಥೆಯು ಸುಜುಕಿ ಕಲ್ಟಸ್ ಸೆಡಾನನ್ನು ಮಾರುತಿ 1000 ಎಂಬ ಹೆಸರಿನಲ್ಲಿ ಭಾರತಕ್ಕೆ ತಂದಿತು. ಅದರಲ್ಲಿದ್ದದ್ದು 970 ಸಿಸಿಯ ಚಿಕ್ಕ ಎಂಜಿನ್. ನೋಡಲು ಸುಂದರವಾಗಿದ್ದರೂ ಐದು ಜನ ಕುಳಿತು ಏಸಿ ಹಾಕಿದರೆ ಅದು ಏದುಸಿರು ಬಿಡುತ್ತಿತ್ತು. ಆ ಕೊರತೆಯನ್ನು ನೀಗಿಸಲು 1994ರಲ್ಲಿ ಅದೇ ಮೈಕಟ್ಟಿಗೆ 1298 ಸಿಸಿಯ ಎಂಜಿನ್ ಕೂಡಿಸಿ ಎಸ್ಟೀಮ್ ಎಂದು ಹೆಸರಿಟ್ಟರು. ಆರಂಭದ ಎಸ್ಟೀಮ್‌ಗಳಲ್ಲಿ ಕಾರ್ಬ್ಯುರೇಟರ್ ಇತ್ತು, ಶಕ್ತಿ ಸುಮಾರು 65 ಅಶ್ವಶಕ್ತಿ. 1999ರ ಹೊತ್ತಿಗೆ ಎಂಪಿಎಫ್ಐ, ಅಂದರೆ ಪ್ರತಿ ಸಿಲಿಂಡರಿಗೂ ಬೇರೆಬೇರೆಯಾಗಿ ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಷನ್ ವ್ಯವಸ್ಥೆ ಬಂದು ಶಕ್ತಿ 85ಕ್ಕೆ ಏರಿತು. ಮಾದರಿಯ ಹೆಸರಿನ ಕೊನೆಯಲ್ಲಿ ‘ಐ’ ಇದ್ದರೆ, ಅಂದರೆ ಎಲ್‌ಎಕ್ಸ್‌ಐ, ವಿಎಕ್ಸ್‌ಐ ಎಂದಿದ್ದರೆ, ಅದು ಇಂಜೆಕ್ಷನ್ ಎಂಜಿನ್ ಎಂದು ತಿಳಿಯಿರಿ. 2007ರ ಕೊನೆಯ ವೇಳೆಗೆ ತಯಾರಿಕೆ ನಿಂತಿತು. 2008ರ ಮಾರ್ಚ್‌ನಲ್ಲಿ ಬಂದ ಸ್ವಿಫ್ಟ್ ಡಿಸೈರ್ ಅದರ ಜಾಗವನ್ನು ತುಂಬಿತು.

ಡೀಸೆಲ್ ಎಸ್ಟೀಮ್ ಕೂಡ ಇತ್ತು. ಅದರ 1527 ಸಿಸಿಯ ಎಂಜಿನ್ ಫ್ರಾನ್ಸಿನ ಪೂಜೋ ಸಂಸ್ಥೆಯದು. ಮುಂಬೈ ಬಳಿಯ ಕಲ್ಯಾಣದಲ್ಲಿ ಒಂದು ಕಾಲಕ್ಕೆ ತಯಾರಾಗುತ್ತಿದ್ದ ಪೂಜೋ 309 ಡೀಸೆಲ್ ಕಾರಿನಲ್ಲಿಯೂ ಇದೇ ಎಂಜಿನ್ ಇತ್ತು. ಒಳ್ಳೆಯ ಎಂಜಿನ್ ಹೌದು. ಆದರೆ ಅದರ ಬಿಡಿಭಾಗಗಳನ್ನು ಇಂದು ಹುಡುಕುತ್ತ ಅಲೆಯುವುದು ಸಂಸಾರಸ್ಥರಿಗೆ ಆಗುವ ಕೆಲಸವಲ್ಲ. ಡೀಸೆಲ್ ಮಾದರಿಯನ್ನು ಬಿಟ್ಟುಬಿಡಿ. ಕಾರ್ಬ್ಯುರೇಟರ್ ಮಾದರಿಯನ್ನು ಕೂಡ, ಹಳೆಯ ಕಾರುಗಳ ಮೇಲಿನ ಪ್ರೀತಿಯಿಂದ ಕೊಳ್ಳುವವರಿಗೆ ಬಿಟ್ಟು, ಉಳಿದವರು 2000ದ ನಂತರದ ಪೆಟ್ರೋಲ್ ಎಲ್‌ಎಕ್ಸ್‌ಐ ಅಥವಾ ವಿಎಕ್ಸ್‌ಐ ಮಾತ್ರ ನೋಡುವುದು ಒಳ್ಳೆಯದು.

ಇನ್ನು ಅಂಕಿಗಳು ಹೇಳುವುದೇನು ಎಂಬುದನ್ನು ನೋಡೋಣ. ಕಾರಿನ ಉದ್ದ 4095 ಮಿಲಿಮೀಟರ್, ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನ ಅಂತರ 2365 ಮಿಲಿಮೀಟರ್, ತೂಕ 900 ಕಿಲೋಗಿಂತ ಕಡಿಮೆ. ಇಷ್ಟು ಹಗುರವಾದ ಮೈಗೆ 85 ಅಶ್ವಶಕ್ತಿ ಸಿಕ್ಕಿರುವುದರಿಂದಲೇ ನಾಲ್ಕು ಜನ, ಡಿಕ್ಕಿಯ ತುಂಬ ಜೋಳದ ಹಿಟ್ಟು, ಬೆಲ್ಲ, ಉಪ್ಪಿನಕಾಯಿ ಡಬ್ಬಿಗಳಿದ್ದರೂ ಖಂಬಾಟ್ಕಿ ಘಾಟನ್ನು ಇದು ತಡವರಿಸದೆ ಏರುತ್ತದೆ. ಎಂಜಿನ್ನಿನ ಬ್ಲಾಕ್ ಮತ್ತು ಹೆಡ್ ಎರಡೂ ಅಲ್ಯೂಮಿನಿಯಮ್. ನಾಲ್ಕು ಚಕ್ರಗಳಿಗೂ ಸ್ವತಂತ್ರ ಸಸ್ಪೆನ್ಷನ್ ಇದೆ. ಮುಂದೆ ಡಿಸ್ಕ್ ಬ್ರೇಕ್, ಹಿಂದೆ ಡ್ರಮ್. ಚಕ್ರಗಳು 13 ಇಂಚಿನವು. ಚಕ್ರಗಳ ನಡುವಿನ ಅಂತರ ಕಡಿಮೆಯಿರುವುದರಿಂದ ಹಿಂದಿನ ಸೀಟಿನಲ್ಲಿ ಕಾಲು ಚಾಚಲು ಜಾಗ ಸಾಲದು. ಮೊಣಕಾಲು ನೋವಿರುವ ಹಿರಿಯರು ಮನೆಯಲ್ಲಿದ್ದರೆ ಅವರನ್ನು ಒಮ್ಮೆ ಹಿಂದೆ ಕೂರಿಸಿ ನೋಡಿದ ಮೇಲೆಯೇ ಬೆಲೆಯ ಮಾತಿಗೆ ಕೂಡಿರಿ. ಈಗಿನ ಕಾರುಗಳಂತೆ ಏರ್‌ಬ್ಯಾಗ್‌ಗಳ ರಕ್ಷಣೆ ಇದರಲ್ಲಿಲ್ಲ ಎಂಬುದನ್ನು ಮನೆಯವರೆಲ್ಲರಿಗೂ ಮೊದಲೇ ತಿಳಿಸಬೇಕು. ಹೆದ್ದಾರಿಯಲ್ಲಿ ನಾನು ಗಂಟೆಗೆ 80 ಕಿಲೋಮೀಟರ್ ದಾಟುವುದಿಲ್ಲ, ಹಿಂದಿನವರೂ ಬೆಲ್ಟ್ ಕಟ್ಟದೆ ಕಾರು ಹೊರಡುವುದಿಲ್ಲ.

ಉದ್ದದ ಅಂಕಿಯ ಬಗ್ಗೆ ಇನ್ನೊಂದು ಮಾತು. 2006ರ ಕೇಂದ್ರ ಬಜೆಟ್‌ನಲ್ಲಿ 4000 ಮಿಲಿಮೀಟರ್‌ಗಿಂತ ಗಿಡ್ಡವಾದ, 1200 ಸಿಸಿಯೊಳಗಿನ ಪೆಟ್ರೋಲ್ ಕಾರುಗಳ ಅಬಕಾರಿ ಸುಂಕವನ್ನು ಶೇ 24ರಿಂದ 16ಕ್ಕೆ ಇಳಿಸಿದರು. ಎಸ್ಟೀಮ್ ಈ ಎರಡು ಅಳತೆಗಳಲ್ಲಿಯೂ ಸ್ವಲ್ಪದರಲ್ಲಿ ಹೊರಗುಳಿಯಿತು. ಪುಣೆಯದೇ ಕಾರಾದ ಟಾಟಾ ಇಂಡಿಗೊವನ್ನು 2008ರಲ್ಲಿ ಮೊಟಕುಗೊಳಿಸಿ ಇಂಡಿಗೊ ಸಿಎಸ್ ಎಂದು ತಂದದ್ದು ಇದೇ ಸುಂಕದ ಲೆಕ್ಕದಿಂದ. ಇಂದು ರಸ್ತೆಯಲ್ಲಿ ಕಾಣುವ ಗಿಡ್ಡ ಡಿಕ್ಕಿಯ ಸೆಡಾನ್‌ಗಳ ಪಕ್ಕದಲ್ಲಿ ಎಸ್ಟೀಮ್‌ನ ಹಿಂಬದಿ ಅಳತೆಗೆ ತಕ್ಕಂತೆ ಚೆಲುವಾಗಿ ಕಾಣುವುದಕ್ಕೆ ಕಾರಣ, ಅದನ್ನು ರೂಪಿಸುವಾಗ ಯಾರೂ ತೆರಿಗೆಗಾಗಿ ಕತ್ತರಿ ಹಿಡಿದಿರಲಿಲ್ಲ.

ಈಗ ಕಾರನ್ನು ಕಣ್ಣಾರೆ ನೋಡುವ ಹಂತ. ಇಲ್ಲಿ ಬಹುತೇಕರು ಮಾಡುವ ತಪ್ಪನ್ನೇ ನಾನೂ ಮಾಡಿದ್ದೆ. ನಾನು ಮೊದಲು ನೋಡಿದ ಕಾರಿನ ಎಂಜಿನ್ ಸದ್ದು ಕೇಳಿ ಮರುಳಾಗಿ ಮುಂಗಡ ಕೊಡಲು ಸಿದ್ಧನಾಗಿದ್ದೆ. ಜೊತೆಗೆ ಬಂದಿದ್ದ ವಿಜಯಪುರ ಕಡೆಯ ಮೆಕ್ಯಾನಿಕ್ ಒಬ್ಬರು ಏನೂ ಮಾತನಾಡದೆ ಡಿಕ್ಕಿ ತೆರೆದು, ಕೆಳಗಿನ ಹಾಸನ್ನು ಎತ್ತಿ, ಸ್ಟೆಪ್ನಿಯನ್ನು ಹೊರಗೆ ತೆಗೆದರು. ಅದು ಕೂರುವ ಗುಂಡಿಯಲ್ಲಿ ಬೆರಳಿನ ಒಂದು ಗೆಣ್ಣು ಮುಳುಗುವಷ್ಟು ಕಂದು ನೀರು ನಿಂತಿತ್ತು. ಅವರು ಸ್ಕ್ರೂಡ್ರೈವರ್ ತುದಿಯಿಂದ ಅಂಚನ್ನು ಮೆಲ್ಲಗೆ ಒತ್ತಿದರು. ತಗಡು ನೆನೆದ ಹಪ್ಪಳದಂತೆ ಒಳಸರಿಯಿತು, ನೀರು ಸೋರಿ ನೆಲಕ್ಕೆ ಇಳಿಯಿತು. “ಎಂಜಿನ್ ಬೇಕಾದಷ್ಟು ಸಿಗ್ತಾವ್ರೀ ಸರ, ಬಾಡಿ ಎಲ್ಲಿಂದ ತರ್ತೀರಿ?” ಎಂದರು. ಈ ಬರಹದ ಮುಖ್ಯ ವಿಷಯವೂ ಅದೇ. ಹಳೆಯ ಎಸ್ಟೀಮ್ ಕೊಳ್ಳುವಾಗ ಮೊದಲು ಮೈ, ನಂತರ ಕಾಗದ, ಕೊನೆಗೆ ಎಂಜಿನ್.

ತುಕ್ಕನ್ನು ಹುಡುಕಬೇಕಾದ ಜಾಗಗಳು ಹೊರಗೆ ಕಾಣುವುದಿಲ್ಲ. ಬಾನೆಟ್ ತೆರೆದು ಮುಂದಿನ ಶಾಕ್ ಅಬ್ಸಾರ್ಬರ್‌ಗಳ ಮೇಲ್ತುದಿ ಕೂರುವ ಗುಮ್ಮಟದಂಥ ಭಾಗವನ್ನು ಟಾರ್ಚ್ ಹಿಡಿದು ನೋಡಿ. ಅಲ್ಲಿ ಬಿರುಕು, ಹೊಸ ವೆಲ್ಡಿಂಗ್ ಅಥವಾ ಆಗತಾನೇ ಬಳಿದ ಕಪ್ಪು ಬಣ್ಣ ಕಂಡರೆ ಮುಂದೆ ನೋಡುವ ಅಗತ್ಯವಿಲ್ಲ, ನಮಸ್ಕಾರ ಹೇಳಿ ಬನ್ನಿ. ಬಾಗಿಲುಗಳ ಕೆಳ ಅಂಚಿನಲ್ಲಿ ನೀರು ಹರಿದುಹೋಗಲು ಚಿಕ್ಕ ರಂಧ್ರಗಳಿರುತ್ತವೆ. ಅವು ಮಣ್ಣಿನಿಂದ ಮುಚ್ಚಿದ್ದರೆ ಬಾಗಿಲು ಒಳಗಿನಿಂದ ಕೊಳೆಯುತ್ತಿರುತ್ತದೆ. ಮುಂದಿನ ಗಾಜಿನ ಬುಡದಲ್ಲಿರುವ ಜಾಲರಿಯ ಕೆಳಗೆ ಗುಲ್‌ಮೊಹರ್ ಎಲೆಗಳು ತುಂಬಿ ಮಳೆನೀರು ಕಾಲಡಿಗೆ ಇಳಿಯುವುದು ಪುಣೆಯ ಗಿಡಗಳ ಕೆಳಗೆ ನಿಲ್ಲುವ ಕಾರುಗಳ ಸಾಮಾನ್ಯ ಕಾಯಿಲೆ. ಆದ್ದರಿಂದ ಕಾಲಡಿಯ ಮ್ಯಾಟ್ ಎತ್ತಿ ಕೈಯಿಂದ ಒತ್ತಿ ನೋಡಿ, ಹಸಿ ವಾಸನೆ ಬಂದರೆ ಕಾರಣ ಕೇಳಿ. ಒಂದು ಚಿಕ್ಕ ಅಯಸ್ಕಾಂತವನ್ನು ತೆಳು ಬಟ್ಟೆಯಲ್ಲಿ ಸುತ್ತಿ ಬಾಗಿಲ ಕೆಳಭಾಗಕ್ಕೂ ಹಿಂದಿನ ಚಕ್ರದ ಕಮಾನಿಗೂ ತಾಗಿಸಿ. ಅಂಟದಿದ್ದ ಜಾಗದಲ್ಲಿ ತಗಡಿಲ್ಲ, ಪುಟ್ಟಿ ಇದೆ. ಮುಂಬೈ, ಅಲಿಬಾಗ್ ಅಥವಾ ಗೋವಾದಲ್ಲಿ ಬಹುಕಾಲ ಓಡಿದ ಕಾರಾದರೆ ಉಪ್ಪುಗಾಳಿ ತಗಡನ್ನು ಇನ್ನೂ ಬೇಗ ತಿಂದಿರುತ್ತದೆ. ಬೆಲೆ ಕಡಿಮೆಯೆಂದು ಅಲ್ಲಿಂದ ತರುವ ಮೊದಲು ಕಾರನ್ನು ಲಿಫ್ಟ್ ಮೇಲೆ ಏರಿಸಿ ಹೊಟ್ಟೆಯ ಭಾಗವನ್ನು ನೋಡಲೇಬೇಕು.

ಕಾಗದದ ವಿಷಯಕ್ಕೆ ಬಂದರೆ, ಆರ್‌ಸಿಯಲ್ಲಿರುವ ಛಾಸಿ ಸಂಖ್ಯೆಯನ್ನು ಕಾರಿನಲ್ಲಿ ಕೊರೆದಿರುವ ಸಂಖ್ಯೆಯೊಂದಿಗೆ ಒಂದೊಂದೇ ಅಕ್ಷರ ಹೋಲಿಸಿ. ಖಾಸಗಿ ಕಾರಿನ ಮೊದಲ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ, ನಂತರ ತಪಾಸಣೆ ಮಾಡಿಸಿ ಐದೈದು ವರ್ಷಕ್ಕೆ ನವೀಕರಿಸಬೇಕು. ಕೊನೆಯ ಎಸ್ಟೀಮ್‌ಗಳು ಕೂಡ 15 ವರ್ಷ ದಾಟಿರುವುದರಿಂದ ನವೀಕರಣವಾಗಿದೆಯೇ, ಎಲ್ಲಿಯವರೆಗೆ ಇದೆ ಎಂಬುದೇ ಬೆಲೆಯನ್ನು ನಿರ್ಧರಿಸಬೇಕು. 2022ರ ಏಪ್ರಿಲ್‌ನಿಂದ ಕಾರುಗಳ ನವೀಕರಣ ಶುಲ್ಕ 5,000 ರೂಪಾಯಿಗೆ ಏರಿತು. 20 ವರ್ಷ ದಾಟಿದ ಕಾರುಗಳಿಗೆ 2025ರ ಆಗಸ್ಟ್‌ನ ಅಧಿಸೂಚನೆ ಅದನ್ನು 10,000 ರೂಪಾಯಿ ಮಾಡಿತು. ಇದರ ಮೇಲೆ ಮಹಾರಾಷ್ಟ್ರದ ಪರಿಸರ ತೆರಿಗೆ ಬೇರೆ. ಅವಧಿ ಮುಗಿದ ಕಾರನ್ನು ಮಾರುವವರು ‘ನವೀಕರಣ ನೀವೇ ಮಾಡಿಸಿಕೊಳ್ಳಿ’ ಎಂದರೆ ಒಪ್ಪಬೇಡಿ. ಅವರ ಹೆಸರಿನಲ್ಲಿಯೇ ನವೀಕರಣವಾಗಲಿ, ಆಮೇಲೆ ಹಣ ಕೊಡಿ.

ಹೆಸರು ಬದಲಾವಣೆಗೆ ಫಾರ್ಮ್ 29 ಮತ್ತು 30, ಹಿಂದೆ ಸಾಲವಿದ್ದರೆ ಬ್ಯಾಂಕಿನ ಋಣಮುಕ್ತಿ ಪತ್ರದೊಂದಿಗೆ ಫಾರ್ಮ್ 35 ಬೇಕು. ಊರಿನಲ್ಲಿ ಮಾವನದೋ ಕಾಕಾನದೋ ಎಸ್ಟೀಮ್ ಸುಮ್ಮನೆ ನಿಂತಿದೆ, ಅದನ್ನೇ ತಂದುಕೊಳ್ಳೋಣ ಎಂದು ಯೋಚಿಸುವವರು ನಮ್ಮಲ್ಲಿ ಬಹಳ. ಬೆಳಗಾವಿಯ ಕೆಎ 22 ಅಥವಾ ಧಾರವಾಡದ ಕೆಎ 25 ನೋಂದಣಿಯ ಕಾರನ್ನು ಪುಣೆಯಲ್ಲಿ 12 ತಿಂಗಳಿಗಿಂತ ಹೆಚ್ಚು ಇಟ್ಟುಕೊಂಡರೆ ಇಲ್ಲಿ ಮರುನೋಂದಣಿ ಮಾಡಿಸಬೇಕಾಗುತ್ತದೆ. ಅದಕ್ಕೆ ಅಲ್ಲಿನ ಆರ್‌ಟಿಓ ಕಚೇರಿಯಿಂದ ಫಾರ್ಮ್ 28ರ ನಿರಾಕ್ಷೇಪಣಾ ಪತ್ರ ತರಬೇಕು, ಇಲ್ಲಿನ ತೆರಿಗೆ ಕಟ್ಟಬೇಕು. ಬಾಕಿ ಇರುವ ಇ-ಚಲನ್‌ಗಳನ್ನು ಮಾರುವವರ ಎದುರಿಗೇ ಮೊಬೈಲಿನಲ್ಲಿ ತೆಗೆದು ನೋಡಿ. 2019ರ ಏಪ್ರಿಲ್‌ಗಿಂತ ಹಿಂದಿನ ಕಾರುಗಳಿಗೆಲ್ಲ ಹೊಸ ಸುರಕ್ಷತಾ ನಂಬರ್ ಪ್ಲೇಟ್ ಕಡ್ಡಾಯವಾಗಿರುವುದರಿಂದ ಅದು ಹಾಕಿದೆಯೇ ಎಂಬುದನ್ನೂ ಗಮನಿಸಿ.

ಎಂಜಿನ್ ನೋಡಲು ಬೆಳಿಗ್ಗೆಯೇ ಹೋಗಬೇಕು, ಮತ್ತು ನಾವು ಬರುವ ಮೊದಲು ಕಾರನ್ನು ಚಾಲೂ ಮಾಡಬಾರದೆಂದು ಮಾರುವವರಿಗೆ ಹೇಳಿರಬೇಕು. ಬಾನೆಟ್ ಮೇಲೆ ಅಂಗೈ ಇಟ್ಟಾಗ ಅದು ತಣ್ಣಗಿರಬೇಕು. ತಣ್ಣಗಿರುವಾಗಲೇ ರೇಡಿಯೇಟರ್ ಮುಚ್ಚಳ ತೆರೆದು ನೋಡಿ. ಒಳಗೆ ಹಸಿರೋ ಕೆಂಪೋ ಬಣ್ಣದ ಕೂಲಂಟ್ ಬದಲು ಚಹಾದ ಬಣ್ಣದ ನೀರಿದ್ದರೆ ಹಿಂದಿನವರು ನಲ್ಲಿ ನೀರು ಸುರಿಯುತ್ತ ಬಂದಿದ್ದಾರೆ ಎಂದರ್ಥ. ಅಲ್ಯೂಮಿನಿಯಮ್ ಎಂಜಿನ್ ಬಿಸಿಯನ್ನು ಸಹಿಸುವುದಿಲ್ಲ. ಒಮ್ಮೆ ಅತಿಯಾಗಿ ಕಾದರೆ ಹೆಡ್ ಸೊಟ್ಟಗಾಗಿ ಗ್ಯಾಸ್ಕೆಟ್ ಹೋಗುತ್ತದೆ, ಎಣ್ಣೆಗೆ ನೀರು ಬೆರೆಯುತ್ತದೆ. ಆಯಿಲ್ ಮುಚ್ಚಳದ ಒಳಮೈಯಲ್ಲಿ ಗಟ್ಟಿ ಹಾಲಿನಂಥ ಜಿಡ್ಡು ಕಂಡರೆ ಇದೇ ಕಾರಣವಿರಬಹುದು. ಆದರೆ ಮಳೆಗಾಲದಲ್ಲಿ ಹತ್ತಿರದ ಓಡಾಟಕ್ಕೆ ಮಾತ್ರ ಬಳಸಿದ ಕಾರಿನಲ್ಲಿ ಆವಿ ಕೂಡಿ ತುಸು ಬಿಳಿ ನೊರೆ ಕಾಣುವುದುಂಟು, ಅಷ್ಟಕ್ಕೇ ತೀರ್ಮಾನಿಸಬೇಡಿ. ಚಾಲೂ ಮಾಡಿದಾಗ ನೀಲಿ ಹೊಗೆ ಬಂದರೆ ಎಣ್ಣೆ ಉರಿಯುತ್ತಿದೆ. ಎಂಜಿನ್ ಬಿಸಿಯಾದ ಮೇಲೂ ದಟ್ಟ ಬಿಳಿ ಹೊಗೆ ನಿಲ್ಲದಿದ್ದರೆ ಕೂಲಂಟ್ ಒಳಗೆ ಸೋರುತ್ತಿದೆ.

ಓಡಿಸಿ ನೋಡಲು ಹಳೆಯ ಕಾತ್ರಜ್ ಘಾಟಿಗಿಂತ ಒಳ್ಳೆಯ ಜಾಗ ಪುಣೆಯಲ್ಲಿಲ್ಲ. ಏಸಿ ಹಾಕಿ, ಇಬ್ಬರನ್ನು ಹಿಂದೆ ಕೂರಿಸಿಕೊಂಡು ಎರಡನೇ, ಮೂರನೇ ಗೇರಿನಲ್ಲಿ ಏರಿ. ತಾಪದ ಮುಳ್ಳು ಮಧ್ಯಕ್ಕೆ ಬಂದು ಅಲ್ಲಿಯೇ ನಿಲ್ಲಬೇಕು. ತಿರುವುಗಳಲ್ಲಿ ಸ್ಟಿಯರಿಂಗ್ ಪೂರ್ತಿ ತಿರುಗಿಸಿದಾಗ ಮುಂದಿನ ಚಕ್ರದ ಬಳಿ ಕಟಕಟ ಸದ್ದು ಬಂದರೆ ಆಕ್ಸಲ್‌ನ ಜಾಯಿಂಟ್ ಸವೆದಿದೆ. ಇದು ದುರಸ್ತಿಯಾಗುವಂಥದ್ದು, ಬೆಲೆ ಇಳಿಸಲು ಮಾತ್ರ ಬಳಸಿ.

ಕಾರು ಮನೆಗೆ ಬಂದ ಮೇಲೆ, ಹಿಂದಿನವರ ಬಾಯಿಮಾತನ್ನು ಪಕ್ಕಕ್ಕಿಟ್ಟು ಮೊದಲ ವಾರದಲ್ಲಿಯೇ ಟೈಮಿಂಗ್ ಬೆಲ್ಟ್ ಬದಲಿಸಿ. ಬದಲಿಸಿದ ಬಿಲ್ಲು ಇಲ್ಲದಿದ್ದರೆ ಬದಲಿಸಿಲ್ಲವೆಂದೇ ತಿಳಿಯಬೇಕು. ಅದೇ ವೇಳೆಗೆ ವಾಟರ್ ಪಂಪನ್ನೂ ನೋಡಿಸಿ, ಎಂಜಿನ್ ಆಯಿಲ್, ಗೇರ್ ಆಯಿಲ್, ಬ್ರೇಕ್ ಆಯಿಲ್, ಕೂಲಂಟ್ ಎಲ್ಲವನ್ನೂ ಹೊಸದಾಗಿ ತುಂಬಿಸಿ. ಟೈರುಗಳ ಪಕ್ಕದ ನಾಲ್ಕಂಕಿಯ ಗುರುತು ತಯಾರಾದ ವಾರ ಮತ್ತು ವರ್ಷವನ್ನು ತಿಳಿಸುತ್ತದೆ. ಮೇಲ್ಮೈಯ ಗುಬುಟು (ಟ್ರೆಡ್) ಎಷ್ಟೇ ಉಳಿದಿದ್ದರೂ ಆರೇಳು ವರ್ಷ ಮೀರಿದ ಟೈರಿನ ಮೇಲೆ ಮಕ್ಕಳನ್ನು ಕೂರಿಸಿಕೊಂಡು ಹೆದ್ದಾರಿಗೆ ಇಳಿಯಬೇಡಿ.

ಇಂದಿನ ಪೆಟ್ರೋಲಿನ ಬಗ್ಗೆ ವಿಶೇಷ ಎಚ್ಚರ ಬೇಕು. ಈಗ ಬಂಕುಗಳಲ್ಲಿ ಸಿಗುತ್ತಿರುವುದು ಶೇ 20ರಷ್ಟು ಎಥನಾಲ್ ಬೆರೆತ ಇ20. ಎಸ್ಟೀಮ್ ಇಂಥ ಇಂಧನಕ್ಕೆಂದು ರೂಪುಗೊಂಡ ಕಾರಲ್ಲ. ಎಥನಾಲ್‌ನಲ್ಲಿ ಶಾಖದ ಶಕ್ತಿ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದರಷ್ಟು ಕಡಿಮೆಯಿರುವುದರಿಂದ ಆವರೇಜ್ ಸ್ವಲ್ಪ ಇಳಿಯುತ್ತದೆ, ಅದು ಸಹಿಸಬಹುದಾದ ನಷ್ಟ. ದೊಡ್ಡ ಅಪಾಯವೆಂದರೆ ಅದು ಹಳೆಯ ರಬ್ಬರ್ ಪೈಪುಗಳನ್ನು ಮೆದುಗೊಳಿಸಿ ಬಿರುಕು ಬಿಡಿಸುತ್ತದೆ, ಗಾಳಿಯ ತೇವವನ್ನು ಹೀರಿ ಟ್ಯಾಂಕಿನೊಳಗೆ ತುಕ್ಕು ಹಿಡಿಸುತ್ತದೆ. ಟ್ಯಾಂಕಿನಿಂದ ಎಂಜಿನ್‌ವರೆಗಿನ ಎಲ್ಲ ರಬ್ಬರ್ ಇಂಧನ ಪೈಪುಗಳನ್ನೂ ಎಥನಾಲ್ ತಾಳುವ ಹೊಸ ಪೈಪುಗಳಿಂದ ಬದಲಿಸಿ, ಫ್ಯೂಯೆಲ್ ಫಿಲ್ಟರ್ ಹೊಸದು ಹಾಕಿಸಿ. ಊರಿಗೆ ಹೋಗುವಾಗ ಮಾತ್ರ ತೆಗೆಯುವ ಕಾರಾದರೆ ವಾರಕ್ಕೊಮ್ಮೆಯಾದರೂ ಇಪ್ಪತ್ತು ಕಿಲೋಮೀಟರ್ ಓಡಿಸಿ, ಮಳೆಗಾಲದಲ್ಲಿ ಟ್ಯಾಂಕನ್ನು ಅರ್ಧಕ್ಕಿಂತ ಕೆಳಗೆ ಇಳಿಯಲು ಬಿಡಬೇಡಿ. ಬಾನೆಟ್ ತೆರೆದಾಗಲೋ ಕಾರಿನೊಳಗೆ ಕುಳಿತಾಗಲೋ ಪೆಟ್ರೋಲಿನ ವಾಸನೆ ತುಸುವೇ ಬಂದರೂ ಆ ದಿನ ಕಾರು ತೆಗೆಯದೆ ಮೆಕ್ಯಾನಿಕ್‌ನನ್ನು ಮನೆಗೇ ಕರೆಸಿ.