ಗುತ್ತಿಗೆದಾರನ ಬಿಲ್ಲನ್ನು ನಾವು ಓದಿದ ಬಗೆ

ನಮ್ಮದು ತಾಲ್ಲೂಕು ಕೇಂದ್ರವಾದ ಪುರಸಭೆಯ ಊರು. ಇಲ್ಲಿ ಖಾಸಗೀಕರಣ ಡಂಗುರ ಸಾರಿಕೊಂಡು ಬರಲಿಲ್ಲ. ಕಾಯಂ ಪೌರಕಾರ್ಮಿಕರು ನಿವೃತ್ತರಾದಂತೆಲ್ಲ ಅವರ ಹುದ್ದೆಗಳನ್ನು ಖಾಲಿ ಬಿಟ್ಟು, ಗುಡಿಸುವ, ಚರಂಡಿ ಬಳಿಯುವ, ಕಸ ಸಾಗಿಸುವ ಕೆಲಸವನ್ನು ವರ್ಷಕ್ಕೊಂದು ಟೆಂಡರ್ ಕರೆದು ಗುತ್ತಿಗೆದಾರನಿಗೆ ವಹಿಸುತ್ತ ಹೋದರು. ತಾಯಿ ಕಾಯಂ ನೌಕರಿಯಲ್ಲಿದ್ದು ಗುಡಿಸಿದ ಬೀದಿಯನ್ನೇ ಮಗಳು ಗುತ್ತಿಗೆಯ ಮೇಲೆ ಗುಡಿಸುತ್ತಿದ್ದಳು. ಅವರಲ್ಲಿ ಹೆಚ್ಚಿನವರು ದಲಿತ ಹೆಣ್ಣುಮಕ್ಕಳಾದ್ದರಿಂದಲೇ ಊರಿನ ಉಳಿದವರಿಗೆ ಇದೊಂದು ಪ್ರಶ್ನೆಯಾಗಿ ಕಾಣಲಿಲ್ಲ ಎಂದು ನಾನು ಈಗಲೂ ನಂಬಿದ್ದೇನೆ.

2016ರಲ್ಲಿ ರಾಜ್ಯ ಸರ್ಕಾರವು ಪೌರಕಾರ್ಮಿಕರ ಕನಿಷ್ಠ ವೇತನವನ್ನು 14,040 ರೂಪಾಯಿಗೆ ಏರಿಸಿದಾಗ ನಾನು ಅವರ ಸಂಘದ ಲೆಕ್ಕಪತ್ರ ನೋಡಿಕೊಳ್ಳುತ್ತಿದ್ದೆ. ಆದೇಶ ಬಂದು ತಿಂಗಳುಗಳಾದರೂ ಕೈಗೆ ಬರುವ ಸಂಬಳ ಹಳೆಯದೇ ಆಗಿತ್ತು. ಕೆಲವರ ಎಟಿಎಂ ಕಾರ್ಡು ಮೇಸ್ತ್ರಿಯ ಬಳಿಯೇ ಇರುತ್ತಿತ್ತು. ಖಾತೆಗೆ ಪೂರ್ತಿ ಹಣ ಬಿದ್ದರೂ ಅದರಲ್ಲಿ ಒಂದು ಪಾಲನ್ನು ಅವನೇ ತೆಗೆದುಕೊಂಡು ಮಿಕ್ಕದ್ದನ್ನು ಹಂಚುತ್ತಿದ್ದನು. ಪಿಎಫ್ (ಭವಿಷ್ಯನಿಧಿ) ಕೇಳಿದರೆ 'ಹಿಡಿದಿದ್ದೇವೆ' ಎಂಬ ಒಂದೇ ಮಾತು. 14,040ಕ್ಕೆ ಶೇ 12ರಂತೆ ಕಾರ್ಮಿಕರಿಂದ ಸುಮಾರು 1,685 ರೂಪಾಯಿ, ಮಾಲೀಕರ ಕಡೆಯಿಂದ ಅಷ್ಟೇ ಮೊತ್ತ, ಎರಡೂ ಸೇರಿ ತಿಂಗಳಿಗೆ 3,300ಕ್ಕೂ ಹೆಚ್ಚು ಹಣ ಒಬ್ಬೊಬ್ಬರ ಹೆಸರಿನಲ್ಲಿ ಜಮೆಯಾಗಬೇಕಿತ್ತು.

ಧರಣಿಗೆ ಮೊದಲು ದಾಖಲೆ ಕೈಗೆ ಬರಬೇಕು ಎಂದು ತೀರ್ಮಾನಿಸಿದೆವು. ಹಾಜರಿ ಪುಸ್ತಕ ಮೇಸ್ತ್ರಿಯ ಕಂಕುಳಲ್ಲಿ ಇರುತ್ತಿದ್ದುದರಿಂದ, ಪ್ರತಿಯೊಬ್ಬರೂ ಮನೆಯ ಗೋಡೆಯ ಕ್ಯಾಲೆಂಡರಿನಲ್ಲಿ ಕೆಲಸಕ್ಕೆ ಹೋದ ದಿನಕ್ಕೆ ಒಂದು ಅಡ್ಡಗೆರೆ ಎಳೆಯಬೇಕು, ಓದು ಬರಹ ಬಲ್ಲ ಮಕ್ಕಳಿಂದ ಅದರ ಕೆಳಗೆ ಬೀದಿಯ ಹೆಸರು ಬರೆಸಬೇಕು ಎಂದು ಗೊತ್ತುಮಾಡಿಕೊಂಡೆವು. 'ಕೆಲ್ಸ ಹೋದ್ರೆ ನೀವ್ ಕೊಡ್ತೀರಾ ಅಣ್ಣಾ?' ಎಂದು ಹಿರಿಯಕ್ಕನೊಬ್ಬಳು ನೇರವಾಗಿ ಕೇಳಿದಳು. ಆ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ಆದ್ದರಿಂದಲೇ ಮಾಹಿತಿ ಹಕ್ಕಿನ ಅರ್ಜಿಯನ್ನು ಯಾವ ಕಾರ್ಮಿಕರ ಹೆಸರಿನಲ್ಲೂ ಹಾಕದೆ, ಬಡಾವಣೆಯ ನಿವೃತ್ತ ಮೇಷ್ಟರೊಬ್ಬರ ಹೆಸರಿನಲ್ಲಿ ಹಾಕಿದೆವು.

ಅರ್ಜಿ ಬರೆಯುವುದರಲ್ಲಿಯೇ ಅರ್ಧ ಕೆಲಸವಿದೆ. 'ಪಿಎಫ್ ಏಕೆ ಕಟ್ಟಿಲ್ಲ' ಎಂದು ಕೇಳಿದರೆ 'ಇದು ಮಾಹಿತಿಯ ವ್ಯಾಪ್ತಿಗೆ ಬರುವುದಿಲ್ಲ' ಎಂಬ ಹಿಂಬರಹ ಬರುತ್ತದೆ. ನಾವು ಗುತ್ತಿಗೆದಾರನ ಮಾಸಿಕ ಬಿಲ್ಲು, ಅದಕ್ಕೆ ಲಗತ್ತಿಸಿದ ಕಾರ್ಮಿಕರ ಪಟ್ಟಿ, ಪಿಎಫ್ ಮತ್ತು ಇಎಸ್‌ಐ (ಕಾರ್ಮಿಕರ ರಾಜ್ಯ ವಿಮೆ) ಹಣ ಕಟ್ಟಿದ ಚಲನ್, ಟೆಂಡರ್ ಷರತ್ತುಗಳು, ಇವುಗಳ ದೃಢೀಕೃತ ಪ್ರತಿಗಳನ್ನು ಮಾತ್ರ ಕೇಳಿದೆವು. ಪ್ರತಿಗಳು ಬಂದ ಮೇಲೆ ಸಮುದಾಯ ಭವನದ ನೆಲದ ಮೇಲೆ ಹರಡಿಕೊಂಡು ಒಂದೊಂದೇ ಹೆಸರನ್ನು ಗಟ್ಟಿಯಾಗಿ ಓದಿದೆವು. ಯಾರಿಗೂ ಪರಿಚಯವಿಲ್ಲದ ಹೆಸರುಗಳು ಬಂದಾಗ ಮೊದಲು ನಗು ಎದ್ದಿತು, ಆಮೇಲೆ ಸಿಟ್ಟು. ಇತ್ತ ನಿಜವಾಗಿ ದುಡಿಯುತ್ತಿದ್ದ ಕೆಲವರ ಹೆಸರು ಚಲನ್‌ನಲ್ಲಿ ಇರಲೇ ಇಲ್ಲ.

ಪುರಸಭೆಯವರು 'ಅದು ನಿಮಗೂ ಗುತ್ತಿಗೆದಾರನಿಗೂ ಸೇರಿದ ವಿಷಯ' ಎಂದರು. 1970ರ ಗುತ್ತಿಗೆ ಕಾರ್ಮಿಕ ಕಾಯ್ದೆ ಹಾಗೆ ಹೇಳುತ್ತಿರಲಿಲ್ಲ. ಗುತ್ತಿಗೆದಾರ ಸಂಬಳ ಕೊಡದಿದ್ದರೆ ಅಥವಾ ಕಡಿಮೆ ಕೊಟ್ಟರೆ ಮೂಲ ಮಾಲೀಕರೇ, ಅಂದರೆ ಇಲ್ಲಿ ಪುರಸಭೆಯೇ, ಕೊಟ್ಟು, ಆ ಹಣವನ್ನು ಅವನಿಂದ ವಸೂಲಿ ಮಾಡಿಕೊಳ್ಳಬೇಕೆಂದು ಅದರ 21ನೇ ಕಲಂ ವಿಧಿಸಿತ್ತು. ಈ ಕಲಮನ್ನು ಉಲ್ಲೇಖಿಸಿ, ಕ್ಯಾಲೆಂಡರಿನ ಹಾಳೆ, ಬ್ಯಾಂಕ್ ಪಾಸ್‌ಬುಕ್ ಮತ್ತು ಚಲನ್ ಮೂರನ್ನೂ ಒಟ್ಟಿಗೆ ಪಿನ್ ಮಾಡಿ, ಒಬ್ಬೊಬ್ಬರಿಗೂ ಪ್ರತ್ಯೇಕ ಮನವಿ ಸಿದ್ಧಪಡಿಸಿ ಮುಖ್ಯಾಧಿಕಾರಿಗೂ ಕಾರ್ಮಿಕ ಇಲಾಖೆಗೂ ಕೊಟ್ಟೆವು. ಸ್ವೀಕೃತಿಯ ಮೊಹರು ಬೀಳದ ಕಾಗದವನ್ನು ಯಾವ ಕಚೇರಿಯಲ್ಲೂ ಬಿಟ್ಟು ಬರಲಿಲ್ಲ.

ಮುಷ್ಕರದ ವಿಷಯದಲ್ಲಿ ಆತುರಪಡದಿದ್ದುದು ಅನುಕೂಲವಾಯಿತು. ನೈರ್ಮಲ್ಯವು ಕೈಗಾರಿಕಾ ವಿವಾದಗಳ ಕಾಯ್ದೆಯಲ್ಲಿ ಸಾರ್ವಜನಿಕ ಉಪಯುಕ್ತ ಸೇವೆಯಾಗಿದ್ದರಿಂದ 14 ದಿನಗಳ ನೋಟಿಸ್ ಕಡ್ಡಾಯವಿತ್ತು. ನೋಟಿಸ್ ಕೊಟ್ಟ ಮೇಲೆ ಸಂಧಾನ ಶುರುವಾಗುತ್ತದೆ, ಅದು ಮುಗಿಯುವ ತನಕ ಮುಷ್ಕರ ಮಾಡುವಂತಿಲ್ಲ. ಆದರೆ ಆ ಅವಧಿಯಲ್ಲಿ ವಿವಾದಕ್ಕೆ ಸಂಬಂಧಿಸಿದಂತೆ ಕಾರ್ಮಿಕರ ಸೇವಾ ಷರತ್ತುಗಳನ್ನು ಬದಲಿಸುವುದಕ್ಕೂ 33ನೇ ಕಲಂ ಅಡ್ಡಿಯಾಗಿತ್ತು. ಕೆಲಸ ಹೋಗುವ ಭಯಕ್ಕೆ ನಮ್ಮ ಬಳಿಯಿದ್ದ ರಕ್ಷಣೆ ಇಷ್ಟೇ, ಅದನ್ನು ಎಲ್ಲರಿಗೂ ತಿಳಿಯುವಂತೆ ವಿವರಿಸಿದ ಮೇಲೆಯೇ ಸಭೆಗೆ ಬರುವವರ ಸಂಖ್ಯೆ ಹೆಚ್ಚಿತು.

ಬಡಾವಣೆಗಳ ಜನರಲ್ಲಿ ಹಲವರು 'ಖಾಸಗಿಯವರಿಗೆ ಕೊಟ್ಟರೆ ಊರು ಚೊಕ್ಕಟವಾಗಿರುತ್ತದೆ' ಎನ್ನುತ್ತಿದ್ದರು. ಅವರೊಡನೆ ವಾದಕ್ಕೆ ಇಳಿಯದೆ ಬಿಲ್ಲಿನ ನಕಲನ್ನು ತೋರಿಸಿ, ತಮ್ಮ ತೆರಿಗೆ ಹಣದಲ್ಲಿ ಇಲ್ಲದ ಕಾರ್ಮಿಕರ ಸಂಬಳವೂ ಅದರ ಮೇಲೆ ಗುತ್ತಿಗೆದಾರನ ಸೇವಾಶುಲ್ಕವೂ ಹೇಗೆ ಹೋಗುತ್ತಿದೆ ಎಂಬುದನ್ನು ಓದಲು ಬಿಟ್ಟೆವು. ಮುಂದಿನ ಮನವಿಗೆ ಅವರಲ್ಲಿ ಕೆಲವರ ಸಹಿಯೂ ಬಿತ್ತು.

ರಾಜ್ಯದಾದ್ಯಂತ ಸಂಘಟನೆಗಳು ನಡೆಸಿದ ಹೋರಾಟದ ಒತ್ತಡದಿಂದ 2017–18ರ ಹೊತ್ತಿಗೆ ಗುಡಿಸುವವರಿಗೆ ಗುತ್ತಿಗೆ ಪದ್ಧತಿ ಕೈಬಿಟ್ಟು, ಸ್ಥಳೀಯ ಸಂಸ್ಥೆಗಳಿಂದಲೇ ನೇರ ಪಾವತಿ ಮಾಡುವ ವ್ಯವಸ್ಥೆ ಬಂತು. ನಮ್ಮ ಊರಿನ ಕಡತಗಳು ಮೊದಲೇ ಸಿದ್ಧವಿದ್ದುದರಿಂದ ನಿಜವಾಗಿ ದುಡಿದವರನ್ನು ಪಟ್ಟಿಯಿಂದ ಬಿಡುವುದು ಸುಲಭವಾಗಲಿಲ್ಲ. ಆದರೂ ಜಗಳ ಲೆಕ್ಕದ ಮೇಲೆಯೇ ಮುಂದುವರಿಯಿತು. ಪೌರಕಾರ್ಮಿಕರ ಸ್ಥಿತಿಗತಿ ಕುರಿತ ಐ.ಪಿ.ಡಿ. ಸಾಲಪ್ಪ ಸಮಿತಿಯ ವರದಿಯು 500 ಜನಕ್ಕೆ ಒಬ್ಬ ಪೌರಕಾರ್ಮಿಕರು ಬೇಕೆಂದಿದ್ದರೆ, ಸರ್ಕಾರ 700 ಜನಕ್ಕೆ ಒಬ್ಬರು ಎಂಬ ಅಳತೆ ಹಿಡಿಯಿತು. 42,000 ಜನರಿರುವ ಊರಿಗೆ ಮೊದಲಿನ ಲೆಕ್ಕದಲ್ಲಿ 84 ಮಂದಿ, ಎರಡನೆಯದರಲ್ಲಿ 60. ಉಳಿದ 24 ಮಂದಿ ಎತ್ತಬೇಕಿದ್ದ ಕಸವನ್ನೂ ಆ 60 ಮಂದಿಯೇ ಎತ್ತಬೇಕು.

2022ರ ಜುಲೈ ಮುಷ್ಕರದ ನಂತರ ಸರ್ಕಾರ ಕಾಯಮಾತಿಗೆ ಒಪ್ಪಿತು, 11,133 ಹುದ್ದೆಗಳಿಗೆ ಮಂಜೂರಾತಿಯೂ ಸಿಕ್ಕಿತು. ನಮ್ಮಲ್ಲಿ ಈಗ ಹೊರಗುತ್ತಿಗೆಯಲ್ಲಿ ಉಳಿದಿರುವವರು ಆಟೊ ಟಿಪ್ಪರ್ ಚಾಲಕರು ಮತ್ತು ಲೋಡರ್‌ಗಳು. 2025ರ ನವೆಂಬರ್ 21ರಂದು ಹಳೆಯ ಕಾರ್ಮಿಕ ಕಾಯ್ದೆಗಳ ಬದಲಿಗೆ ಕೇಂದ್ರದ ಕಾರ್ಮಿಕ ಸಂಹಿತೆಗಳು ಜಾರಿಯಾದ ಮೇಲೆ ಅವರ ಪ್ರಕರಣಕ್ಕೆ ಹೊಸ ತೊಡಕು ಬಂದಿದೆ. ಸಂಸ್ಥೆಯ ಮೂಲ ಚಟುವಟಿಕೆಗೆ ಗುತ್ತಿಗೆ ಕಾರ್ಮಿಕರನ್ನು ನೇಮಿಸುವಂತಿಲ್ಲ ಎನ್ನುವ ಸಂಹಿತೆಯೇ ಕಸ ಸಂಗ್ರಹ ಮತ್ತು ವಿಲೇವಾರಿಯನ್ನು ಮೂಲ ಚಟುವಟಿಕೆಯಲ್ಲ ಎಂದು ಹೊರಗಿಡುತ್ತದೆ, ಆದರೆ ಸಂಸ್ಥೆ ಅದೇ ಕೆಲಸಕ್ಕಾಗಿ ಸ್ಥಾಪಿತವಾಗಿದ್ದರೆ ಈ ವಿನಾಯಿತಿ ಅನ್ವಯಿಸುವುದಿಲ್ಲ. ಬೀದಿ ಮತ್ತು ಚರಂಡಿಗಳ ಸ್ವಚ್ಛತೆಯು ಪುರಸಭೆಯ ಕಡ್ಡಾಯ ಕರ್ತವ್ಯವೆಂದು 1964ರ ಕರ್ನಾಟಕ ಪುರಸಭೆಗಳ ಅಧಿನಿಯಮ ಹೇಳಿರುವುದನ್ನು ಆಧಾರವಾಗಿ ಹಿಡಿದು ನಾವು ಈಗ ಮನವಿ ಬರೆಯುತ್ತಿದ್ದೇವೆ. ಚಾಲಕರ ಬಿಲ್ಲುಗಳ ಪ್ರತಿ ಕೇಳಿ ಮೇಷ್ಟರು ಮತ್ತೊಂದು ಅರ್ಜಿ ಹಾಕಿದ್ದಾರೆ.