ಗಂಡಸರ ಮುಖದ ಸ್ಕಿನ್ ಟೈಪ್: ಸಲೂನ್ ಕುರ್ಚಿ ಹಿಂದೆ ನಿಂತು ನಾನು ಕಲ್ತಿದ್ದು

ನಮ್ದು ದಾವಣಗೆರೇಲಿ ಜೆಂಟ್ಸ್ ಸಲೂನ್, ಬೆಳಗ್ಗೆ ಬಾಗಿಲು ತೆಗೆದ್ರೆ ರಾತ್ರಿ ತನಕ ಗಂಡಸರ ಮುಖಾನೇ ಕೈಗೆ ಸಿಗೋದು. ಕಟಿಂಗ್ ಮಾಡ್ಸೋಕೆ ಕೂತವರೆಲ್ಲ ಕೇಳೋದು ಒಂದೇ, "ಅಣ್ಣ, ಮುಖಕ್ಕೆ ಏನ್ ಹಚ್ಲಿ?" ನಿಂದು ಯಾವ ಸ್ಕಿನ್ನಪ್ಪ ಅಂತ ನಾನು ಕೇಳಿದ್ರೆ ಡ್ರೈ ಅಂತಾನೋ ಆಯ್ಲಿ ಅಂತಾನೋ ಥಟ್ ಅಂತ ಹೇಳ್ಬಿಡ್ತಾರೆ, ಆದ್ರೆ ಲೈಟ್ ಹಾಕಿ ಹತ್ರದಿಂದ ನೋಡಿದ್ರೆ ಬೇರೇನೇ ಇರುತ್ತೆ. ಯಾಕಂದ್ರೆ ಏನೂ ಹಚ್ಚದೆ ಇರೋ ಬರೀ ಮುಖಾನ ಅವರು ಸರಿಯಾಗಿ ನೋಡ್ಕೊಂಡೇ ಇರಲ್ಲ.

ಅದಕ್ಕೇ ನಾನು ಮೊದಲು ಹೇಳೋದು ಇದು. ರಜಾ ದಿನ ಉಗುರುಬೆಚ್ಚಗಿನ ನೀರಲ್ಲಿ ಮೈಲ್ಡ್ ಫೇಸ್‌ವಾಶ್ ಹಾಕಿ ಮುಖ ತೊಳ್ಕೊಳ್ಳಿ, ಟವಲ್ಲಲ್ಲಿ ಉಜ್ಜಬೇಡಿ, ಒತ್ತಿ ಒರೆಸಿ, ಆಮೇಲೆ ಒಂದು ಗಂಟೆ ಏನೂ ಹಚ್ಚದೆ ಬಿಟ್ಬಿಡಿ. ಆಮೇಲೆ ಹಣೆ, ಮೂಗು, ಗಲ್ಲ, ಕೆನ್ನೆಗೆ ಬೇರೆ ಬೇರೆ ಟಿಶ್ಯೂ ಒತ್ತಿ ನೋಡಿ. ಎಲ್ಲಾ ಕಡೆ ಎಣ್ಣೆ ಹತ್ತಿದ್ರೆ ಆಯ್ಲಿ, ಹಣೆ ಮೂಗಲ್ಲಿ ಮಾತ್ರ ಹತ್ತಿ ಕೆನ್ನೇಲಿ ಇಲ್ಲ ಅಂದ್ರೆ ಕಾಂಬಿನೇಷನ್, ಎಲ್ಲೂ ಹತ್ತದೆ ಮುಖ ಬಿಗಿದ ಹಾಗೆ ಆದ್ರೆ ಡ್ರೈ. ಉರಿ, ಕೆಂಪು ಆಗೋದು ಸೆನ್ಸಿಟಿವ್, ಅದು ಈ ಮೂರರಲ್ಲಿ ಯಾವುದರ ಜೊತೆಗಾದ್ರೂ ಇರಬಹುದು. ಶೇವ್ ಮಾಡಿದ ದಿನ ಮಾತ್ರ ಈ ಟೆಸ್ಟ್ ಬೇಡ. ಬ್ಲೇಡು ಕೂದಲಿನ ಜೊತೆ ಚರ್ಮದ ಮೇಲಿನ ತೆಳು ಪದರಾನೂ ಕೆರೆದು ತೆಗೆಯುತ್ತೆ, ಎಣ್ಣೆ ಮುಖಾನೂ ಅವತ್ತು ಡ್ರೈ ತರ ಅನ್ಸುತ್ತೆ. ಇನ್ನೊಂದು, ಜನವರಿ ಚಳೀಲಿ ನೋಡಿದ್ದು ಏಪ್ರಿಲ್ ಬಿಸಿಲಿಗೆ ಹಂಗೇ ಇರಲ್ಲ, ಸೀಸನ್ ಬದಲಾದಾಗ ಮತ್ತೆ ನೋಡ್ಕೊಳ್ಳಿ.

ಗಂಡಸರ ಚರ್ಮ ಹೆಂಗಸರದ್ದಕ್ಕಿಂತ ಹೆಚ್ಚುಕಮ್ಮಿ 20 ಪರ್ಸೆಂಟ್ ದಪ್ಪ, ಟೆಸ್ಟೋಸ್ಟೆರಾನ್ ಅನ್ನೋ ಗಂಡಸರ ಹಾರ್ಮೋನ್ ಜಾಸ್ತಿ ಇರೋದ್ರಿಂದ ಎಣ್ಣೆ ಗ್ರಂಥಿಗಳ ಕೆಲಸಾನೂ ಜಾಸ್ತಿ. ಹೆಂಗಸರಿಗೆ ಮುಟ್ಟು ನಿಂತ ಮೇಲೆ ಎಣ್ಣೆ ಕಮ್ಮಿ ಆಗುತ್ತೆ, ಗಂಡಸರಿಗೆ ವಯಸ್ಸಾದ್ರೂ ಅಷ್ಟು ಬೇಗ ಇಳಿಯಲ್ಲ. ಹಂಗಾಗಿ ಮನೇಲಿ ಹೆಂಡ್ತಿ ಹಚ್ಚೋ ದಪ್ಪ ಕ್ರೀಮ್ ಇವರಿಗೆ ಜಿಡ್ಡು ಜಿಡ್ಡಾಗಿ ಕೂತ್ಕೊಳ್ಳುತ್ತೆ. ಇನ್ನು ಮೈ ಸೋಪನ್ನೇ ಮುಖಕ್ಕೂ ಹಾಕೋ ಅಭ್ಯಾಸ. ಚರ್ಮದ ಪಿಎಚ್, ಅಂದ್ರೆ ಹುಳಿ-ಕ್ಷಾರದ ಅಳತೆ (7ಕ್ಕಿಂತ ಕಮ್ಮಿ ಹುಳಿ, ಜಾಸ್ತಿ ಕ್ಷಾರ), 5ರ ಆಸುಪಾಸು ಇದ್ರೆ ಮಾಮೂಲಿ ಸೋಪಿಂದು 9ರಿಂದ 10 ಇರುತ್ತೆ, ಜೊತೆಗೆ ಬೋರ್ ನೀರಾದ್ರೆ ಅದರಲ್ಲಿರೋ ಕ್ಯಾಲ್ಸಿಯಂ ಸೋಪಿನ ಜೊತೆ ಸೇರಿ ಬಕೆಟ್ಟಿಗೆ ಹತ್ತೋ ಆ ಬಿಳಿ ಕರೆ ಮುಖದ ಮೇಲೂ ಉಳ್ಕೊಳ್ಳುತ್ತೆ. ಮುಖ ತೊಳೆದ ತಕ್ಷಣ ಬಿಗಿತ, ಸ್ವಲ್ಪ ಹೊತ್ತಿಗೆ ಎಣ್ಣೆ ಅನ್ನೋ ಕಂಪ್ಲೇಂಟು ತುಂಬಾ ಸಲ ಇದ್ರಿಂದಾನೇ ಬರೋದು.

ಈಗ ನನಗೆ ತುಂಬಾ ಕಾಡೋ ವಿಷಯ. ಒಬ್ಬ ಹುಡುಗ ಬಂದ, ಫೈನಾನ್ಸ್ ಕಲೆಕ್ಷನ್ ಕೆಲಸ, ದಿನಾ ಬೈಕ್ ಮೇಲೆ ಓಡಾಟ. "ಅಣ್ಣ, ಸ್ಕಿನ್ ಪೂರ್ತಿ ಡ್ರೈ ಆಗೋಗಿದೆ, ರಾತ್ರಿ ಕೊಬ್ರಿ ಎಣ್ಣೆ ಹಚ್ಚಿ ಮಲಗ್ತೀನಿ, ಆದ್ರೂ ಸಿಪ್ಪೆ ಏಳೋದು ನಿಲ್ತಿಲ್ಲ" ಅಂದ. ಲೈಟ್ ಹಾಕಿ ನೋಡಿದೆ. ಮೂಗಿನ ಎರಡೂ ಪಕ್ಕದ ಮಡಿಕೇಲಿ, ಹುಬ್ಬಿನ ಒಳಗೆ, ಮೀಸೆ ಬುಡದಲ್ಲಿ ಸಿಪ್ಪೆ ಇತ್ತು, ಆದ್ರೆ ಅದು ಒಣ ಬಿಳಿ ಪುಡಿ ಅಲ್ಲ, ಹಳದಿ ಬಣ್ಣದ ಜಿಡ್ಡು ಜಿಡ್ಡಾದ ಪದರ, ಕೆಳಗೆ ಚರ್ಮ ಕೆಂಪಗೆ. ತಲೇಲೂ ಹೊಟ್ಟು. ಇದು ಡ್ರೈ ಅಲ್ಲ, ತಲೆ ಹೊಟ್ಟೇ ಮುಖಕ್ಕೆ ಇಳಿದಿರೋದು, ಡಾಕ್ಟ್ರು ಸೆಬೊರಿಕ್ ಡರ್ಮಟೈಟಿಸ್ ಅಂತಾರೆ, ಗಂಡಸರಲ್ಲೇ ಜಾಸ್ತಿ. ಎಲ್ಲರ ಚರ್ಮದ ಮೇಲೂ ಇರೋ ಒಂದು ಯೀಸ್ಟು, ಅಂದ್ರೆ ಕಣ್ಣಿಗೆ ಕಾಣದ ಒಂಥರಾ ಫಂಗಸ್ಸು, ನಮ್ಮ ಮುಖದ ಎಣ್ಣೇನೇ ತಿಂದು ಬದುಕುತ್ತೆ, ಅದಕ್ಕೆ ಮೇಲಿಂದ ಕೊಬ್ರಿ ಎಣ್ಣೆ ಹಾಕಿದ್ರೆ ಅದಕ್ಕೆ ಊಟ ಬಡಿಸಿದ ಹಾಗೆ. ಎಣ್ಣೆ ನಿಲ್ಸು, ಚರ್ಮದ ಡಾಕ್ಟ್ರ ಹತ್ರ ಹೋಗು ಅಂತ ಕಳಿಸ್ದೆ. ಅವರು ಆ ಯೀಸ್ಟು ಕಮ್ಮಿ ಮಾಡೋ ಕೀಟೋಕೊನಜೋಲ್ ಶಾಂಪೂ ಕೊಟ್ಟು ತಲೆ, ಮೀಸೆ, ಹುಬ್ಬಿಗೆಲ್ಲ ಹಚ್ಚಿ ಕೆಲವು ನಿಮಿಷ ಬಿಟ್ಟು ತೊಳಿ ಅಂದಿದ್ರಂತೆ, ಮುಂದಿನ ಕಟಿಂಗಿಗೆ ಬಂದಾಗ ಮೂಗಿನ ಪಕ್ಕ ಎಲ್ಲಾ ಕ್ಲೀನು. ಇದು ಮತ್ತೆ ಮತ್ತೆ ಬರೋ ಕಾಯಿಲೆ, ಕಮ್ಮಿ ಆಯ್ತು ಅಂತ ಮರೆಯೋ ಹಾಗಿಲ್ಲ ಅಂತಾನೂ ಹೇಳಿದೀನಿ.

ಶೇವಿಂಗ್ ವಿಚಾರಕ್ಕೆ ಬಂದ್ರೆ, ಗುಂಗುರು ಗಡ್ಡದವರು "ಉಲ್ಟಾ ಹೊಡೀರಿ ಅಣ್ಣ, ನೈಸಾಗಿ ಬರ್ಲಿ" ಅಂತಾರೆ, ನಾನು ಹೊಡಿಯಲ್ಲ. ತೀರಾ ಬುಡಕ್ಕೆ ಕತ್ತರಿಸಿದ ಕೂದಲು ಬೆಳಿವಾಗ ಬಾಗಿ ಒಳಗೇ ಚುಚ್ಚುತ್ತೆ, ಕುತ್ತಿಗೆ ತುಂಬ ಗುಳ್ಳೆ. ಅದನ್ನ ಮೊಡವೆ ಅನ್ಕೊಂಡು ಹಿಸುಕಿದ್ರೆ ಕಪ್ಪು ಕಲೆ ತಿಂಗಳುಗಟ್ಟಲೆ ಉಳಿಯುತ್ತೆ. ಸ್ನಾನ ಆದ್ಮೇಲೆ, ಕೂದಲು ಬೆಳೆದಿರೋ ದಿಕ್ಕಿಗೇ, ಹೊಸ ಬ್ಲೇಡಲ್ಲಿ ಮಾಡಿ. ಡ್ರೈ, ಸೆನ್ಸಿಟಿವ್ ಮುಖಕ್ಕೆ ಸ್ಪಿರಿಟ್ ವಾಸನೆ ಬರೋ ಆಫ್ಟರ್‌ಶೇವ್ ಬೇಡವೇ ಬೇಡ.

ದಿನಾ ಏನ್ ಹಚ್ಬೇಕು ಅಂದ್ರೆ ಪಟ್ಟಿ ಚಿಕ್ಕದು. ಆಯ್ಲಿ ಮುಖಕ್ಕೆ ಸ್ಯಾಲಿಸಿಲಿಕ್ ಆಸಿಡ್ ಇರೋ ಫೇಸ್‌ವಾಶ್, ಜೆಲ್ ತರದ ಮಾಯಿಶ್ಚರೈಸರ್. ಡ್ರೈಗೆ ನೊರೆ ಕಮ್ಮಿ ಬರೋ ಕ್ಲೆನ್ಸರ್, ಗ್ಲಿಸರಿನ್ ಅಥವಾ ಸೆರಮೈಡ್ (ಚರ್ಮದಲ್ಲೇ ಇರೋ ಒಂಥರಾ ಕೊಬ್ಬು) ಇರೋ ಕ್ರೀಮು, ಮುಖ ಇನ್ನೂ ಒದ್ದೆ ಇರುವಾಗ್ಲೇ. ಬೆಳಗ್ಗೆ ಎಲ್ಲರಿಗೂ ಎಸ್‌ಪಿಎಫ್ 30 ಅಥವಾ ಮೇಲಿನ ಸನ್‌ಸ್ಕ್ರೀನ್, ಎರಡು ಬೆರಳುದ್ದ, ಬಿಸಿಲಲ್ಲಿ ಓಡಾಡೋರು ಎರಡು ಗಂಟೆಗೊಮ್ಮೆ. ಹೆಲ್ಮೆಟ್ ಒಳಗಿನ ಬಟ್ಟೇನೂ ಆಗಾಗ ಒಗೀರಿ, ಹಣೆ ಮೇಲಿನ ಗುಳ್ಳೆ ಅಲ್ಲಿಂದಾನೂ ಬರುತ್ತೆ.

ಒಂದು ಮಾತ್ರ ಕೈ ಮುಗಿದು ಕೇಳ್ಕೊತೀನಿ. ಬೆಳ್ಳಗಾಗೋಕೆ ಅಂತ ಮೆಡಿಕಲ್ ಶಾಪಲ್ಲಿ ಚೀಟಿ ಇಲ್ದೆ ಟ್ಯೂಬ್ ತಗೊಂಡು ಹಚ್ಚಬೇಡಿ. ಹಿಂದೆ ತಿರುಗಿಸಿ ಓದಿ, ಬೆಟಾಮೆಥಾಸೋನ್, ಕ್ಲೋಬೆಟಾಸಾಲ್, ಮೊಮೆಟಾಸೋನ್ ಅಂತಿದ್ರೆ ಅದು ಸ್ಟೀರಾಯ್ಡು, 2018ರಿಂದ ಇಂಥ ಕ್ರೀಮುಗಳಿಗೆ ಡಾಕ್ಟ್ರ ಚೀಟಿ ಬೇಕು ಅಂತ ಕಾನೂನೇ ಇದೆ. ಮೊದಲ ಕೆಲವು ವಾರ ಮುಖ ಮಿಂಚುತ್ತೆ, ಆಮೇಲೆ ಚರ್ಮ ತೆಳುವಾಗಿ ಸಣ್ಣ ಕೆಂಪು ರಕ್ತನಾಳಗಳು ಕಾಣ್ತವೆ, ಬಿಸಿಲಿಗೆ ಹೋದ್ರೆ ಉರಿ, ಬಿಟ್ರೆ ಇನ್ನೂ ಜಾಸ್ತಿ. ಅಂಥ ಮುಖ ಬಂದ್ರೆ ನಾನು ಬ್ಲೀಚೂ ಮಾಡಲ್ಲ, ಫೇಶಿಯಲ್ಲೂ ಮಾಡಲ್ಲ, ದುಡ್ಡು ಕೊಡ್ತೀನಿ ಅಂದ್ರೂ ಇಲ್ಲ. ಚಿಗಟೇರಿ ಜಿಲ್ಲಾಸ್ಪತ್ರೆಗೆ ಹೋಗಿ ಚರ್ಮದ ಡಾಕ್ಟ್ರಿಗೆ ತೋರ್ಸಿ ಅಂತ ಹೇಳಿ ಕಳಿಸ್ತೀನಿ. ಹೋಗುವಾಗ ಹಚ್ತಿದ್ದ ಟ್ಯೂಬ್ ತಗೊಂಡೇ ಹೋಗಿ, ಖಾಲಿ ಆಗಿದ್ರೂ ಪರವಾಗಿಲ್ಲ, ಏನು ಹಚ್ಚಿದ್ರಿ ಎಷ್ಟು ದಿನ ಹಚ್ಚಿದ್ರಿ ಅಂತ ಗೊತ್ತಾದ್ರೇನೇ ಅದನ್ನ ಹೆಂಗೆ ಬಿಡಿಸ್ಬೇಕು ಅಂತ ಅವರು ಹೇಳೋಕಾಗೋದು.