ಅವರ ಮಾತು ಎಲ್ಲಿ ಮುಗಿಯಿತು?

ಮೈಸೂರಿನ ಮನೆಯಲ್ಲೇ ಕೂತು ಅಮೆರಿಕದ ಸಂದರ್ಶನಗಳ ಆಡಿಯೋ ಕೇಳಿ ಟೈಪ್ ಮಾಡಿಕೊಡುವುದು ನನ್ನ ಕೆಲಸ. ಅವರ ಉಚ್ಚಾರಣೆ ಕಷ್ಟ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಅದು ಕೆಲವೇ ತಿಂಗಳಲ್ಲಿ ಅಭ್ಯಾಸವಾಯಿತು. ನನ್ನನ್ನು ಜಾಸ್ತಿ ಕಾಡಿದ್ದು ಕೋಟ್ ಗುರುತು.

ಒಮ್ಮೆ ಒಬ್ಬ ಹೆಂಗಸು ಕೆಲಸದ ಜಾಗದಲ್ಲಿ ಪಟ್ಟ ಕಷ್ಟ ಹೇಳುತ್ತಿದ್ದರು. ತಮ್ಮ ಮೇಲಧಿಕಾರಿಯ ಬಗ್ಗೆ, 'ಹೀ ವಾಸ್ ಲೈಕ್, ಐ ಕಾಂಟ್ ಹೆಲ್ಪ್ ಯೂ, ಐ ಹ್ಯಾಡ್ ನೋಬಡಿ' ಅಂದರು. ಆಡುಮಾತಿನಲ್ಲಿ 'ಹೀ ವಾಸ್ ಲೈಕ್' ಅಂದರೆ 'ಅವನು ಹೀಗಂದ' ಅಂತ. 'ಲೈಕ್' ಆದಮೇಲೆ ಬಂದದ್ದನ್ನೆಲ್ಲ ನಾನು ಕೋಟ್ ಒಳಗೆ ಹಾಕಿದೆ. ತಪ್ಪಾಯಿತು. ಮೊದಲ 'ಐ' ಅಧಿಕಾರಿಯದು, ಎರಡನೆಯ 'ಐ' ಆಕೆಯದು. ನನಗೆ ಯಾರೂ ಇರಲಿಲ್ಲ ಅನ್ನುವ ಆಕೆಯ ನೋವನ್ನು ನಾನು ಅವನ ಬಾಯಿಗೆ ಹಾಕಿಬಿಟ್ಟಿದ್ದೆ. ನನ್ನ ಕೆಲಸ ಪರಿಶೀಲಿಸುವವರು ಹಿಡಿದರು. ಅವತ್ತು ರಾತ್ರಿ ನಿದ್ದೆ ಬರಲಿಲ್ಲ.

ಕಾರಣ ನಿಧಾನವಾಗಿ ಹೊಳೆಯಿತು. ಕನ್ನಡದಲ್ಲಿ 'ಅಂತ', 'ಅಂದ' ಮಾತಿನ ಕೊನೆಗೆ ಬರುತ್ತವೆ, ಅಲ್ವಾ? ಮಾತು ಮುಗಿದದ್ದು ಕಿವಿಗೆ ತಿಳಿಯುತ್ತದೆ. ಆಡುವ ಇಂಗ್ಲಿಷಿನಲ್ಲಿ ಹೆಚ್ಚಾಗಿ ಉಲ್ಟಾ. 'ಶೀ ಸೆಡ್', 'ಹೀ ಗೋಸ್' (ಇದೂ 'ಅವನು ಅಂದ' ಅಂತಲೇ), 'ಐ ವಾಸ್ ಲೈಕ್' ಮೊದಲೇ ಬಂದು ಬಾಗಿಲು ತೆರೆಯುತ್ತವೆ. ಮುಚ್ಚುವ ಪದ ಸಾಮಾನ್ಯವಾಗಿ ಇರುವುದಿಲ್ಲ.

ಈಗ ನಾನು ಮುಚ್ಚುವ ಜಾಗವನ್ನೇ ಹುಡುಕುತ್ತೇನೆ. ಐದು ಸೆಕೆಂಡ್ ಹಿಂದೆ ಹೋಗಿ, ಕಣ್ಣು ಮುಚ್ಚಿ ಕೇಳುತ್ತೇನೆ. ಇನ್ನೊಬ್ಬರ ಮಾತು ಹೇಳುವಾಗ ಹೆಚ್ಚಾಗಿ ದನಿ ಏರುತ್ತದೆ, ಇಲ್ಲವೇ ವೇಗ ಬದಲಾಗುತ್ತದೆ. ಸ್ವಂತ ಮಾತಿಗೆ ಮರಳಿದಾಗ ದನಿ ಇಳಿಯುತ್ತದೆ. ಕಾಲವನ್ನೂ ನೋಡುತ್ತೇನೆ: 'ಕಾಂಟ್' ಅವತ್ತಿನ ಮಾತು, 'ಹ್ಯಾಡ್' ಇವತ್ತು ಹೇಳುತ್ತಿರುವ ಕಥೆ. ಶುರು ಗುರುತಿಸುವುದು ಸುಲಭ. 'ವೆಲ್', 'ಓ', 'ಲುಕ್' ಕೇಳಿದರೆ ಅಲ್ಲಿಂದ ಕೋಟ್ ಇರಬಹುದು.

ಈ 'ಲೈಕ್' ಬರೀ ಯುವಕರ ಚಟ ಅಂತ ಬೈಯುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ರೊನಾಲ್ಡ್ ಬಟರ್ಸ್ ಅನ್ನುವ ಭಾಷಾತಜ್ಞರು 1982ರಲ್ಲೇ ಇದರ ಬಗ್ಗೆ ಬರೆದಿದ್ದಾರೆ. 'ಐ ವಾಸ್ ಲೈಕ್, ವಾವ್' ಅಂದಾಗ ಬಾಯಿಬಿಟ್ಟು ಏನೂ ಅಂದಿರದೇ ಇರಬಹುದು. ಅದು ಮನಸ್ಸಿನ ಮಾತು. 'ಸೆಡ್' ಇಷ್ಟು ಸಲೀಸಾಗಿ ಆ ಕೆಲಸ ಮಾಡಲಾರದು. ಅಂಥ ಕಡೆ ಕಾಮಾ ಮಾತ್ರ ಹಾಕುತ್ತೇನೆ, ಕೋಟ್ ಹಾಕುವುದಿಲ್ಲ.

'ಕೋಟ್ ಅನ್‌ಕೋಟ್' ಬೇರೆಯೇ ಸಂಗತಿ. 'ಕೋಟ್' ಅಂದು, ಮಾತು ಹೇಳಿ, 'ಅನ್‌ಕೋಟ್' ಅಂದರೆ ಅದು ನಿಜವಾದ ಉಲ್ಲೇಖ. ಎರಡೂ ಜೊತೆಗೆ ಬಂದರೆ ಸಾಮಾನ್ಯವಾಗಿ ಮುಂದಿನ ಪದದ ಮೇಲೆ ಅನುಮಾನ. 'ಕೋಟ್ ಅನ್‌ಕೋಟ್ ಎಕ್ಸ್‌ಪರ್ಟ್' ಅಂದರೆ, ಹೆಸರಿಗಷ್ಟೇ ತಜ್ಞ. ಅದನ್ನು ಸುಮ್ನೆ ತೆಗೆದುಹಾಕಿದರೆ ತೆಗಳಿಕೆ ಹೊಗಳಿಕೆಯಾಗುತ್ತದೆ. ಹಾಗಾಗಿ ಕೇಳಿದ ಹಾಗೇ ಟೈಪ್ ಮಾಡುತ್ತೇನೆ.

ಎಷ್ಟು ಸಲ ಕೇಳಿದರೂ ತೀರ್ಮಾನವಾಗದಿದ್ದರೆ ಆ ನಿಮಿಷ, ಸೆಕೆಂಡ್ ಬರೆದು, ಸಂದರ್ಶನ ಮಾಡಿದವರನ್ನೇ ಕೇಳುತ್ತೇನೆ.